ಗಣಿತಕ್ಕೂ ಮುಂಚೆ ಮೂರು ಸುತ್ತು

ಫೆಬ್ರವರಿ ಬಂತೆಂದರೆ ಹೈಸ್ಕೂಲುಗಳ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಆಟದ ಪೀರಿಯಡ್. "ಸಿಲಬಸ್ ಉಳದೈತ್ರಿ ಸರ್, ಇವತ್ತೊಂದಿನ ಬಿಟ್ಟಕೊಡ್ರಿ" ಎಂದು ಇವತ್ತು ಗಣಿತದವರು ಕೇಳುತ್ತಾರೆ, ನಾಳೆ ವಿಜ್ಞಾನದವರು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಹೇಳಬೇಕಾದವರು ಅವರೇ, ಹಾಗಾಗಿ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ದುಡಿಯುತ್ತ ನನಗೆ ಖಾತ್ರಿಯಾದ ಸಂಗತಿ ಬೇರೆ. ಹಾಗೆ ಬಿಟ್ಟುಕೊಟ್ಟ ಪೀರಿಯಡ್ಡಿನಿಂದ ಗಣಿತಕ್ಕೆ ಅಂಥ ಲಾಭವೇನೂ ಆಗುವುದಿಲ್ಲ. ಮಕ್ಕಳು ಬೆಂಚಿನ ಮೇಲೆ ಕೂತಿರುತ್ತಾರೆ, ಅಷ್ಟೇ.

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಕೊಕ್ಕೊ, ಕಬಡ್ಡಿ ತಂಡ ಕಟ್ಟುವುದು ನನ್ನ ಕೆಲಸದಲ್ಲಿ ಊರವರ ಕಣ್ಣಿಗೆ ಬೀಳುವ ಭಾಗ. ತಂಡದ ಮಕ್ಕಳು ಹೇಗೂ ಓಡುತ್ತಾರೆ, ನಾನು ರಜೆ ಹಾಕಿದ ದಿನವೂ ಓಡುತ್ತಾರೆ. ನನಗೆ ಬೇಕಾಗಿದ್ದವರು ಬೇವಿನ ಮರದ ನೆರಳಲ್ಲಿ ಕೂತು ಆಡುವವರ ಚಪ್ಪಲಿ ಕಾಯುವ ಮಕ್ಕಳು. ತರಗತಿಯಲ್ಲೂ ಹಿಂದಿನ ಬೆಂಚು ಹಿಡಿಯುವವರು ಹೆಚ್ಚಾಗಿ ಅವರೇ. ಅವರನ್ನು ಎಬ್ಬಿಸುವ ದಾರಿ ಹುಡುಕಿದ್ದೇ ಈ ಬರಹಕ್ಕೆ ಕಾರಣ.

ಮೈದಾನದಲ್ಲಿ ಸುಣ್ಣ ಹಾಕಿ 200 ಮೀಟರಿನ ಸುತ್ತು ಎಳೆದೆ. ಮೂರು ಸುತ್ತಿಗೆ 600 ಮೀಟರು. ಖೇಲೋ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲೂ ದಮ್ಮು ಅಳೆಯಲು ಇಷ್ಟೇ ದೂರದ ಓಟವಿದೆ, ಸುಸ್ತಾದರೆ ನಡೆಯಬಹುದು. ಮೊದಲ ವಾರಗಳಲ್ಲಿ ನೇರ ದಾರಿಯಲ್ಲಿ ಓಡಿ, ತಿರುವಿನಲ್ಲಿ ನಡೆಯಲು ಹೇಳಿದೆ. ಪಕ್ಕದವನ ಜೊತೆ ಒಂದೆರಡು ಮಾತಾಡಲು ಆಗುವಷ್ಟೇ ವೇಗ ಇರಲಿ, ಅದಕ್ಕಿಂತ ಜೋರು ಬೇಡ ಎಂದೆ. ಈ ಒಂದು ಸೂಚನೆಯಿಂದಲೇ ಅರ್ಧ ಭಯ ಹೋಯಿತು. ಮೊದಲ ನೂರು ಮೀಟರನ್ನು ಚಿಗರೆಯಂತೆ ಹಾರಿ, ಆಮೇಲೆ "ದಮ್ಮ ಹತ್ತೇತ್ರಿ ಸರ್" ಎಂದು ಕೂರುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅವರಿಗೆ ಶಕ್ತಿಯ ಕೊರತೆ ಇರಲಿಲ್ಲ, ನಿಧಾನವಾಗಿ ಓಡುವುದನ್ನು ಯಾರೂ ಕಲಿಸಿರಲಿಲ್ಲ.

ಯಾರು ಮೊದಲು ಬಂದರು ಎಂದು ನಾನು ಕೂಗುವುದಿಲ್ಲ. ಪ್ರತಿ ಮಗುವೂ ತನ್ನ ಸಮಯವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತದೆ, ತಿಂಗಳಿಗೊಮ್ಮೆ ಮತ್ತೆ ಓಡಿ ಹಳೆಯದರ ಕೆಳಗೆ ಹೊಸದನ್ನು ಬರೆಯುತ್ತದೆ. ಪರೀಕ್ಷೆಯಲ್ಲಿ ಸದಾ ಇತರರಿಗಿಂತ ಹಿಂದೆ ಬೀಳುವ ಮಗುವಿಗೆ ತನ್ನದೇ ಹಿಂದಿನ ಅಂಕಿಯನ್ನು ಮೀರಿದ ಅನುಭವ ಎಲ್ಲಿ ಸಿಗುತ್ತದೆ ಹೇಳಿ? ಬೆವರು ಒರೆಸಿಕೊಳ್ಳುತ್ತಲೇ ಹಾಳೆ ತೆರೆದು ತೋರಿಸುವ ಮುಖಗಳನ್ನು ನೋಡಬೇಕು.

ಈ ಹಾಳೆಗಳನ್ನು ಮೊದಲು ಗಮನಿಸಿದ್ದು ಗಣಿತದ ಮೇಡಂ. ಒಂಬತ್ತನೇ ತರಗತಿಗೆ ಸರಾಸರಿ ಕಲಿಸುವಾಗ ಪಠ್ಯಪುಸ್ತಕದ ಅಂಕಿಗಳನ್ನು ಬದಿಗಿಟ್ಟು ಮಕ್ಕಳ ಓಟದ ಸಮಯವನ್ನೇ ಬೋರ್ಡಿನ ಮೇಲೆ ಬರೆದರು. ವಿಜ್ಞಾನದವರು ವೇಗದ ಲೆಕ್ಕಕ್ಕೂ ಅದನ್ನೇ ಹಿಡಿದರು: 600 ಮೀಟರನ್ನು 3 ನಿಮಿಷದಲ್ಲಿ ಓಡಿದರೆ ಸೆಕೆಂಡಿಗೆ ಎಷ್ಟು ಮೀಟರು? ಓಡಿದವರೇ ಲೆಕ್ಕ ಹಾಕಿದಾಗ ಉತ್ತರ 3.3 ಬಂದಿತೋ 33 ಬಂದಿತೋ ಎಂಬ ತಪ್ಪು ತಟ್ಟನೆ ಗೊತ್ತಾಗುತ್ತದೆ, ಸೆಕೆಂಡಿಗೆ 33 ಮೀಟರು ಯಾರ ಕಾಲಿಗೂ ಸಾಧ್ಯವಿಲ್ಲ ಎಂದು ಕಾಲೇ ಹೇಳುತ್ತದೆ.

ವೇಳಾಪಟ್ಟಿ ಬದಲಿಸಲು ಹೆಡ್ ಮಾಸ್ತರರನ್ನು ಒಪ್ಪಿಸಿದ್ದು ನಿಧಾನದ ಕೆಲಸ. ಆಟವನ್ನು ಸಂಜೆಯ ಕೊನೆಯ ಪೀರಿಯಡ್ಡಿಗೆ ಹಾಕುವುದು ನಮ್ಮಲ್ಲಿ ರೂಢಿ. ಆಮೇಲೆ ಮಕ್ಕಳು ಮನೆಗೆ ಹೋಗುತ್ತಾರೆ, ಓಡಿ ಚುರುಕಾದ ತಲೆ ಯಾವ ಪಾಠಕ್ಕೂ ಸಿಗುವುದಿಲ್ಲ. ಬಿಸಿಯೂಟ ಮುಗಿದ ಕೂಡಲೇ ಓಡಿಸಿದರೆ ಪಕ್ಕೆ ಹಿಡಿಯುತ್ತದೆ. ಮಾರ್ಚಿನ ಮಧ್ಯಾಹ್ನದ ಬಿಸಿಲಂತೂ ಬೇಡವೇ ಬೇಡ. ಬೆಳಗಿನ ಹೊತ್ತು ಆಟ, ಅದರ ಬೆನ್ನಿಗೇ ಗಣಿತ, ಇದು ನಾನು ಕೇಳಿದ ಜೋಡಿ.

ಕೇಳುವಾಗ ಕೈಯಲ್ಲಿ ಆಧಾರವೂ ಇತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದ ಮಕ್ಕಳು ಸುಮ್ಮನೆ ಕೂತಿದ್ದ ದಿನಕ್ಕಿಂತ ಗಮನದ ಪರೀಕ್ಷೆಯಲ್ಲೂ ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದ್ದರು. ಅದು ಕೆಲವೇ ಮಕ್ಕಳ ಸಣ್ಣ ಪ್ರಯೋಗ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವರದಿ. ದೈಹಿಕ ಶಿಕ್ಷಣಕ್ಕೆ ಸಮಯ ಉಳಿಸಿಕೊಂಡರೆ ಅಥವಾ ಹೆಚ್ಚಿಸಿದರೆ ಓದಿಗೆ ನೆರವಾಗಬಹುದು, ಅಂಕಗಳಿಗಂತೂ ಧಕ್ಕೆಯಿಲ್ಲ ಎಂಬುದು ಅದರ ಸಾರ. "ಅಂಕ ಕಡಿಮಿ ಆಗೂದಿಲ್ಲ ಅಂತೀರಿ?" ಎಂದು ಹೆಡ್ ಮಾಸ್ತರರು ಎರಡು ಸಲ ಕೇಳಿ, ಒಂದು ಸೆಮಿಸ್ಟರಿನ ಮಟ್ಟಿಗೆ ಒಪ್ಪಿದರು. ಆಮೇಲೆ ಯಾರೂ ಹಳೆಯ ಪಟ್ಟಿಗೆ ಮರಳೋಣ ಎನ್ನಲಿಲ್ಲ.

ನಮ್ಮ ಶಾಲೆಯ ಫಲಿತಾಂಶ ಏರಿದ್ದು ಓಟದಿಂದಲೇ ಎಂದು ನಾನು ಹೇಳುವುದಿಲ್ಲ. ಒಂದು ವರ್ಷದಲ್ಲಿ ಶಿಕ್ಷಕರು ಬದಲಾಗುತ್ತಾರೆ, ಬ್ಯಾಚು ಬದಲಾಗುತ್ತದೆ. ಸಹೋದ್ಯೋಗಿಗಳು ಹೇಳಿದ್ದು, ನಾನೂ ಕಿಟಕಿಯಾಚೆ ನಿಂತು ಕಂಡಿದ್ದು ಇಷ್ಟು: ಆಟದ ನಂತರದ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವವರು ಕಡಿಮೆಯಾದರು, ಮೊದಲ ಐದು ನಿಮಿಷ ಉಸಿರು ತಣ್ಣಗಾಗಲು ಬಿಟ್ಟರೆ ಮುಂದಿನ ಪಾಠ ಸರಾಗವಾಗಿ ಸಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. "ದೊಡ್ಡಾಕಿ ಆಗ್ಯಾಳ್ರಿ, ಇನ್ನ ಓಡಸಬ್ಯಾಡ್ರಿ" ಎಂದು ಹೇಳಲು ತಾಯಂದಿರು ಶಾಲೆಗೇ ಬರುತ್ತಿದ್ದರು. ಅವರೊಂದಿಗೆ ಕನ್ನಡದ ಮೇಡಂ ಕೂತು ಮಾತಾಡಿದರು, ನಾನು ದೂರ ಉಳಿದೆ. ಮುಟ್ಟಿನ ದಿನ ಓಡಬೇಕೋ ಬೇಡವೋ ಎಂಬುದು ಹುಡುಗಿಯದೇ ನಿರ್ಧಾರ, ನನಗೆ ಕಾರಣ ಹೇಳಬೇಕಿಲ್ಲ ಎಂದು ಗೊತ್ತುಮಾಡಿದೆವು. ಓಡಲು ಸಂಕೋಚಪಡುವವರಿಗೆ ಹಗ್ಗದಾಟ ಇತ್ತು. ದಮ್ಮು ಬೆಳೆಸಲು ಅದೂ ಒಳ್ಳೆಯದೇ.

ಒಬ್ಬ ಹುಡುಗಿ ಮಾತ್ರ ಎಷ್ಟು ವಾರ ಕಳೆದರೂ ಒಂದು ಸುತ್ತು ದಾಟಲಿಲ್ಲ. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 12 ಇರಬೇಕಾದ ಕಡೆ ತೀರಾ ಕೆಳಗಿತ್ತು. ತರಗತಿಯಲ್ಲಿ ಅವಳನ್ನು ಎಲ್ಲರೂ "ಮಂಕು" ಎನ್ನುತ್ತಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಗುಳಿಗೆಯನ್ನು ವಾಕರಿಕೆ ಬರುತ್ತದೆಂದು ಮಕ್ಕಳು ಕಿಸೆಗೆ ಹಾಕಿಕೊಳ್ಳುವುದುಂಟು. ಈಗ ಊಟವಾದ ಮೇಲೆ, ನನ್ನೆದುರೇ ನುಂಗಿಸುತ್ತೇನೆ, ಮೇಲೆ ಚಹಾ ಕುಡಿಯಬೇಡಿ ಎನ್ನುತ್ತೇನೆ. ಆ ಹುಡುಗಿಗೆ ವೈದ್ಯರು ಬೇರೆ ಚಿಕಿತ್ಸೆಯನ್ನೂ ಕೊಟ್ಟರು. ವರ್ಷದ ಕೊನೆಗೆ ಅವಳು ಮೂರು ಸುತ್ತು ಮುಗಿಸಿದಳು, ವಿಜ್ಞಾನದ ತರಗತಿಯಲ್ಲಿ ಕೈ ಎತ್ತಲು ಶುರುಮಾಡಿದ್ದೂ ಅದೇ ಸುಮಾರಿಗೆ.

ನಮ್ಮದು ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಮೈದಾನ ಕಾಲಿಗೆ ಅಂಟಿಕೊಂಡು ಬರುತ್ತದೆ. ಆಗ ವರಾಂಡದಲ್ಲೇ ನಿಂತಲ್ಲಿ ಓಟ, ಬೈಠಕ್, ಲೇಜಿಮ್.

ಹತ್ತನೇ ತರಗತಿಗೆ ಫೆಬ್ರವರಿ, ಮಾರ್ಚಿನಲ್ಲೂ ವಾರಕ್ಕೆ ಎರಡು ಆಟದ ಪೀರಿಯಡ್ ಉಳಿಸಿಕೊಂಡಿದ್ದೇವೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಎರಡು ಪೀರಿಯಡ್ ಅದರ ಹತ್ತಿರಕ್ಕೂ ಬರುವುದಿಲ್ಲ. ನಮಗೆ ಮಕ್ಕಳನ್ನು ಕಳಿಸುವ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಲ್ಲಿಗೆ ಹೋಗಿ ಐದನೇ ತರಗತಿಯಿಂದಲೇ ಈ ಸುತ್ತು ಶುರುಮಾಡಿಸಲು ಅನುಮತಿ ಕೇಳಿ ಅರ್ಜಿ ಬರೆದಿದ್ದೇನೆ. ಸುಣ್ಣದ ಚೀಲ ಈಗಾಗಲೇ ತಂದಿಟ್ಟಾಗಿದೆ.