ಹತ್ತು ತುಂಬುವ ಮಗುವಿಗೆ ಕೊಚ್ಚಿ ಟ್ರಿಪ್: ಪ್ಲಾನ್ ಮಾಡುದು ಹೇಗೆ?

ಹಾಲ್ ಬುಕ್ ಮಾಡಿ ಊರಿಗೆಲ್ಲ ಊಟ ಹಾಕಿ ಫೋಟೋಗ್ರಾಫರ್ ಹೇಳಿದ ಹಾಗೆ ತಿರುಗಿ ತಿರುಗಿ, ಕೊನೆಗೆ ಮಗು ಕೋಟು ಹಾಕ್ಕೊಂಡು ಸ್ಟೇಜ್ ಮೇಲೆ ಬೆವರ್ತಾ ನಿಂತಿರ್ತದೆ, ಈಗಿನ ಬರ್ತ್‌ಡೇ ಅಂದ್ರೆ ಹೆಚ್ಚುಕಡಿಮೆ ಇಷ್ಟೇ. ಆ ದುಡ್ಡಲ್ಲಿ ಮನೆಯವರೆಲ್ಲ ಎರಡು ದಿನ ಕೊಚ್ಚಿ ಸುತ್ತಿ ಬರಬಹುದು. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯವರಿಗೆ ಟೂರ್ ಅಂದ ಕೂಡ್ಲೆ ಮೈಸೂರೇ ನೆನಪಾಗುದು, ಆದ್ರೆ ಅಲ್ಲಿಗೆ ಹೇಗೂ ಶಾಲೆಯಿಂದ ಕರ್ಕೊಂಡು ಹೋಗ್ತಾರೆ. ಕೊಚ್ಚಿಯಲ್ಲಿ ಹತ್ತು ವರ್ಷದ ಮಕ್ಕಳಿಗೆ ನೋಡುವ ಜಾಗಕ್ಕಿಂತ ಹತ್ತುವ ಗಾಡಿಗಳೇ ಹೆಚ್ಚು ಖುಷಿ. ಹಾಗಾಗಿ ಇಡೀ ದಿನಕ್ಕೆ ಟ್ಯಾಕ್ಸಿ ಮಾಡ್ಬೇಡಿ, ಮಾಡಿದ್ರೆ ಟ್ರಿಪ್ಪಿನ ಅರ್ಧ ಮಜಾ ಹೋಯ್ತು.

ಮೊದ್ಲು ದಿನ ನೋಡಿ

ಅಜ್ಜಿಗೆ ನಕ್ಷತ್ರ ಮುಖ್ಯ, ಮಗುವಿಗೆ ತಾರೀಕು ಮುಖ್ಯ, ಇವೆರಡೂ ಒಟ್ಟಿಗೆ ಬರುದು ಅಪರೂಪ. ನಕ್ಷತ್ರದ ದಿನ ಮಧೂರಿಗೆ ಹೋಗಿ ಗಣಪತಿಗೆ ಪೂಜೆ ಮಾಡಿಸಿ ಅಪ್ಪ ಪ್ರಸಾದ ತಂದ್ರೆ ಅಜ್ಜಿ ಖುಷಿ, ಟ್ರಿಪ್ ಮಾತ್ರ ಶನಿವಾರ-ಆದಿತ್ಯವಾರಕ್ಕೇ ಇಡಿ. ಅದಕ್ಕೆ ರಜೆ ಅಲ್ಲದೆ ಬೇರೆ ಕಾರಣವೂ ಉಂಟು. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ, ಅದರ ಹತ್ತಿರವೇ ಇರುವ ಯಹೂದಿಗಳ ಪ್ರಾರ್ಥನಾ ಮಂದಿರ ಪರದೇಸಿ ಸಿನಗಾಗ್‌ಗೆ ಶನಿವಾರ ರಜೆ, ಆದಿತ್ಯವಾರ ಎರಡೂ ತೆರೆದಿರ್ತದೆ. ಜೂನ್-ಜುಲೈ ಮಳೆಯಲ್ಲಿ ಹುಟ್ಟಿದ ಮಕ್ಕಳಾದ್ರೆ ಓಣಂ ರಜೆಗೆ ಮುಂದೆ ಹಾಕಿ, ಬೋಟಿನ ಟ್ರಿಪ್ಪಿಗೆ ಜಡಿಮಳೆ ಆಗುದಿಲ್ಲ. ಡಿಸೆಂಬರ್ ಕೊನೆಯ ವಾರ ಮಾತ್ರ ಖಂಡಿತ ಬೇಡ, ಕಾರ್ನಿವಲ್ ಅಂತ ಫೋರ್ಟ್ ಕೊಚ್ಚಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ.

ಟಿಕೆಟ್

ರೈಲ್ವೆ ರಿಸರ್ವೇಶನ್ ಈಗ 60 ದಿನ ಮೊದಲೇ ಓಪನ್ ಆಗ್ತದೆ, ಆ ದಿನ ಬೆಳಿಗ್ಗೆಯೇ ಕೂತು ಮಾಡಿ. ಐದು ವರ್ಷ ದಾಟಿದ ಮಗುವಿಗೆ ಪ್ರತ್ಯೇಕ ಸೀಟು ಬೇಕಾದ್ರೆ ಪೂರ್ತಿ ಚಾರ್ಜೇ, ಅರ್ಧ ಟಿಕೆಟ್ ಲೆಕ್ಕ ಹಾಕಿ ಬಜೆಟ್ ಮಾಡ್ಬೇಡಿ. ವಂದೇ ಭಾರತ್ ನಮ್ಮ ಕಡೆಯಿಂದ ಎರಡುಂಟು. 2023ರ ಏಪ್ರಿಲಿನಲ್ಲಿ ಶುರುವಾದದ್ದು ಕೋಟ್ಟಯಂ ಮೇಲೆ ಹೋಗುದು, ಅದು ಕೊಚ್ಚಿಯ ಎರ್ನಾಕುಳಂ ಟೌನ್ ಸ್ಟೇಶನಿನಲ್ಲಿ, ಅಂದ್ರೆ ನಾರ್ತಿನಲ್ಲಿ ನಿಲ್ತದೆ. ಆಲಪ್ಪುಳ ಮೇಲೆ ಹೋಗುದು ಎರ್ನಾಕುಳಂ ಜಂಕ್ಷನಿನಲ್ಲಿ, ಅಂದ್ರೆ ಸೌತಿನಲ್ಲಿ. ರೂಮು ಬುಕ್ ಮಾಡುವ ಮೊದ್ಲು ಇದನ್ನು ನೋಡಿಕೊಳ್ಳಿ, ಇಲ್ಲದಿದ್ರೆ ಲಗೇಜು, ಅಜ್ಜಿ, ಮಕ್ಕಳು ಸಮೇತ ಆಟೋದಲ್ಲಿ ಊರು ಸುತ್ತಬೇಕಾಗ್ತದೆ. ಬೆಳಿಗ್ಗೆ ಮಂಗಳೂರಿಂದ ಬರುವ ಆಲಪ್ಪುಳದ ಗಾಡಿ ನಮಗೆ ಒಳ್ಳೇದು, ಸುಮಾರು ಐದು ತಾಸಿನಲ್ಲಿ ಮುಟ್ಟಿಸ್ತದೆ.

ಮಗುವನ್ನು ಬಲಗಡೆ ಕಿಟಕಿಗೆ ಕೂರಿಸಿ, ಸಮುದ್ರ ಆ ಬದಿ. ಕಾಸರಗೋಡು ಬಿಟ್ಟ ಕೂಡ್ಲೆ ಚಂದ್ರಗಿರಿ ಹೊಳೆ, ಅದಾಗಿ ಕಳನಾಡು ಸುರಂಗ, ಇಷ್ಟಕ್ಕೇ ಮಕ್ಕಳು ಒಮ್ಮೆ ಕೂಗಿ ಆಗಿರ್ತದೆ. ತಲಶ್ಶೇರಿ ಬಂದಾಗ ಕೇಕಿನ ಕಥೆ ಹೇಳಿ: ಮಂಬಳ್ಳಿ ಬಾಪು ಅನ್ನುವವರು 1883ರಲ್ಲಿ ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಮಾಡಿದ್ದು ಇಲ್ಲಿ ಅಂತಾರೆ. ಬರ್ತ್‌ಡೇ ಮಗುವಿಗೆ ಇದಕ್ಕಿಂತ ಒಳ್ಳೆ ಸ್ಟೇಶನ್ ಇಲ್ಲ. ಆದ್ರೆ ಮಾರಾಯ್ರೆ, ಕೇಕನ್ನು ಊರಿಂದ ಹೊತ್ಕೊಂಡು ಹೋಗ್ಬೇಡಿ, ಕ್ರೀಮು ಡಬ್ಬದ ಮುಚ್ಚಳಕ್ಕೆ ಅಂಟಿ ಹೆಸರಲ್ಲಿ ಎರಡೇ ಅಕ್ಷರ ಉಳಿದಿರ್ತದೆ. ಕೊಚ್ಚಿಯಲ್ಲಿ ಬೇಕರಿಗೆ ಬರವಿಲ್ಲ, ಫೋನಲ್ಲೇ ಹೇಳಿಡಿ. ರೂಮಿನಲ್ಲಿ ಕ್ಯಾಂಡಲ್ ಹಚ್ಚಬಹುದಾ ಅಂತ ಹೋಟೆಲಿನವರನ್ನು ಮೊದಲೇ ಕೇಳಿ, ಸೀಲಿಂಗಿನಲ್ಲಿ ಹೊಗೆ ಅಲಾರಂ ಇದ್ರೆ ಹ್ಯಾಪಿ ಬರ್ತ್‌ಡೇ ಹಾಡು ಅದೇ ಹಾಡ್ತದೆ.

ಶನಿವಾರ ಸಂಜೆ

ಮಧ್ಯಾಹ್ನ ಊಟ ಮಾಡಿ ಎಲ್ಲರೂ ಸ್ವಲ್ಪ ಅಡ್ಡಾಗಿ, ಬಿಸಿಲು ಇಳಿದ ಮೇಲೆ ಮೆಟ್ರೋ ಹತ್ತಿ ವೈಟ್ಟಿಲ. ಅಲ್ಲೇ ವಾಟರ್ ಮೆಟ್ರೋ ಜೆಟ್ಟಿಯೂ ಉಂಟು, ಕಾಕ್ಕನಾಡಿಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಕೊನೆಯ ಬೋಟು ಎಷ್ಟಕ್ಕೆ ಅಂತ ಮಾತ್ರ ಕೇಳಿಕೊಳ್ಳಿ. ಬ್ಯಾಟರಿಯಲ್ಲಿ ಓಡುವ ಎಸಿ ಬೋಟು, ಕೊಚ್ಚಿನ್ ಶಿಪ್‌ಯಾರ್ಡಿನಲ್ಲೇ ಕಟ್ಟಿದ್ದು, ಡೀಸೆಲ್ ವಾಸನೆ ಇಲ್ಲ, ಬೋಟಲ್ಲಿ ವಾಂತಿ ಬರ್ತದೆ ಅನ್ನುವ ಚಿಕ್ಕಮ್ಮನೂ ಹೆದರದೆ ಕೂರಬಹುದು. ರಾತ್ರಿ ಕೇಕ್. ಮಾಲಿಗೆ ಹೋಗ್ಲೇಬೇಕು ಅಂತ ಮಕ್ಕಳು ಹಟ ಮಾಡಿದ್ರೆ ಇಡಪಳ್ಳಿಯ ಲುಲು ಮೆಟ್ರೋ ಲೈನಿನಲ್ಲೇ ಸಿಗ್ತದೆ, ಆದ್ರೆ ಒಳಗೆ ಹೋದವರು ಬೇಗ ಹೊರಗೆ ಬರುದಿಲ್ಲ.

ಆದಿತ್ಯವಾರ ಫೋರ್ಟ್ ಕೊಚ್ಚಿ

ಹೈಕೋರ್ಟ್ ಜೆಟ್ಟಿಯಿಂದ ಬೆಳಿಗ್ಗೆಯೇ ಹೊರಡಿ, ರಜೆದಿನ ಹೊತ್ತೇರಿದ ಹಾಗೆ ಕ್ಯೂ ಬೆಳೀತದೆ. ವಾಟರ್ ಮೆಟ್ರೋ ಸಿಗದಿದ್ರೆ ಎರ್ನಾಕುಳಂ ಜೆಟ್ಟಿಯಿಂದ ಸರಕಾರದ ಹಳೇ ಬೋಟು ಉಂಟು, ನನ್ನ ಕೇಳಿದ್ರೆ ಅದೇ ಚಂದ, ಗಾಳಿ ಮುಖಕ್ಕೆ ಹೊಡೀತದೆ.

ಇಳಿದು ಚೀನಾ ಬಲೆಯ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಮರದ ದೊಡ್ಡ ತೊಲೆಯ ಹಿಂದಿನ ತುದಿಗೆ ಹಗ್ಗದಲ್ಲಿ ಸಾಲಾಗಿ ಕಲ್ಲು ಕಟ್ಟಿರ್ತಾರೆ, ನಾಲ್ಕೈದು ಜನ ಹಗ್ಗ ಜಗ್ಗಿದ್ರೆ ಕಲ್ಲು ಒಂದೊಂದಾಗಿ ಕೆಳಗೆ ಇಳೀತದೆ, ಅತ್ತ ಬಲೆ ನೀರಿಂದ ಮೇಲೆ ಬರ್ತದೆ. ಸೈನ್ಸ್ ಬುಕ್ಕಿನ ಸನ್ನೆಕೋಲು ಇದೇ ಅಂತ ತೋರಿಸ್ಲಿಕ್ಕೆ ಒಳ್ಳೆ ಜಾಗ. ಮಗುವಿಗೂ ಹಗ್ಗ ಎಳೀಲಿಕ್ಕೆ ಕರೀತಾರೆ, ಆಮೇಲೆ ದುಡ್ಡು ಕೇಳ್ತಾರೆ, ಎಷ್ಟು ಅಂತ ಮೊದಲೇ ಮಾತಾಡಿ. ಅಲ್ಲಿಂದ ಆಚೆ ದಡದ ವೈಪ್ಪಿನ್‌ಗೆ ರೋ-ರೋ ಅಂತ ಗಾಡಿ ಸಾಗಿಸುವ ಬೋಟು ಉಂಟು, ಕಾರು, ಬೈಕು, ಆಟೋ ಎಲ್ಲ ಸೀದಾ ಬೋಟಿನೊಳಗೆ ನುಗ್ಗುದನ್ನು ನೋಡ್ಲಿಕ್ಕೇ ಒಂದು ಸಲ ಹೋಗಿ ಬರಬೇಕು.

ಆಮೇಲೆ ಆಟೋದಲ್ಲಿ ಮಟ್ಟಾಂಚೇರಿ. ಅರಮನೆಗೆ ಡಚ್ ಪ್ಯಾಲೇಸ್ ಅಂತಾರೆ, ಆದ್ರೆ ಕಟ್ಟಿ ಕೊಚ್ಚಿ ರಾಜನಿಗೆ ಕೊಟ್ಟದ್ದು ಪೋರ್ಚುಗೀಸರು, ಡಚ್ಚರು ರಿಪೇರಿ ಮಾಡಿದ್ದು ಮಾತ್ರ. ಗೋಡೆ ಮೇಲಿನ ರಾಮಾಯಣದ ಚಿತ್ರ ತೋರಿಸಿ, ಯಕ್ಷಗಾನ ನೋಡಿ ಬೆಳೆದ ಮಕ್ಕಳು ಯಾರ್ಯಾರು ಅಂತ ಅವರೇ ಹೇಳ್ತಾರೆ. 1568ರ ಸಿನಗಾಗ್‌ನ ನೆಲದಲ್ಲಿ ಚೀನಾದಿಂದ ತಂದ ನೀಲಿ ಹಂಚು, ಎಲ್ಲ ಕೈಯಲ್ಲೇ ಬರೆದದ್ದು. ಒಳಗೆ ಹೋಗ್ಲಿಕ್ಕೆ ಚಡ್ಡಿ, ತೋಳಿಲ್ಲದ ಅಂಗಿ ಬೇಡ. ಇಷ್ಟಕ್ಕೇ ನಿಲ್ಲಿಸಿ, ಇನ್ನೊಂದು ಮ್ಯೂಸಿಯಂ ಸೇರಿಸಿದ್ರೆ ಮಕ್ಕಳ ಮೋರೆ ಊದ್ತದೆ.

ವಾಪಸ್ ಬರ್ಲಿಕ್ಕೆ ರಾತ್ರಿ ಗಾಡಿ ಸಾಕು, ಮಲಬಾರ್ ಎಕ್ಸ್‌ಪ್ರೆಸ್ ನಾರ್ತಿಂದ, ಮಾವೇಲಿ ಎಕ್ಸ್‌ಪ್ರೆಸ್ ಸೌತಿಂದ. ಅಜ್ಜಿಗೆ ಲೋವರ್ ಬರ್ತ್ ಸಿಕ್ಕಿದೆಯಾ ನೋಡಿ, ಹತ್ತು ತುಂಬಿದವರು ಹೇಗೂ ಮೇಲಿನ ಬರ್ತೇ ಬೇಕು ಅಂತಾರೆ. ಬೆಳಿಗ್ಗೆ ಊರಲ್ಲಿ ಇಳೀಬಹುದು, ಸೋಮವಾರ ಶಾಲೆಗೆ ಕಳಿಸುದಾ ಬೇಡ್ವಾ ಅನ್ನುದು ಅಪ್ಪ-ಅಮ್ಮನಿಗೆ ಬಿಟ್ಟದ್ದು, ನಾನಾದ್ರೆ ಕಳಿಸುದಿಲ್ಲ.