ಕೋಲಾರದ ಪಿನ್‌ಕೋಡನ್ನು ಕೈಲೆಕ್ಕದಲ್ಲಿ ಒಡೆದ ಬಗೆ

ಕೋಲಾರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು, ದೊಡ್ಡ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕಾದಾಗ 2, 3, 5 ಎಂದು ಸಾಲಾಗಿ ಭಾಗಿಸುತ್ತಾ ಹೋಗುವ ಕ್ರಮವನ್ನು ಬಿಟ್ಟು ಬಹಳ ಕಾಲವಾಯಿತು. ಮೊದಲು ಸಂಖ್ಯೆಯ ರಚನೆಯನ್ನು ಗಮನಿಸಿದರೆ ಭಾಗಾಕಾರದ ಕೆಲಸ ಬಹುಪಾಲು ತಪ್ಪುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ನಾನು ಆರಿಸಿಕೊಂಡದ್ದು ನಮ್ಮೂರಿನ ಪಿನ್‌ಕೋಡ್ 563101.

1001 ಎಂಬುದು 7, 11, 13ರ ಗುಣಲಬ್ಧ. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಬಿಡಿಸಿ, 563ರಲ್ಲಿ 101ನ್ನು ಕಳೆದು, ಉಳಿದ 462ನ್ನು ಪರೀಕ್ಷಿಸಿದರೆ ಸಾಕು. 462 ಎಂದರೆ 77ರ ಆರರಷ್ಟು. ಹೀಗಾಗಿ 7 ಮತ್ತು 11 ಎರಡೂ ಒಂದೇ ಏಟಿಗೆ ಸಿಕ್ಕವು, 13 ಬಿಟ್ಟುಹೋಯಿತು. 77ರಿಂದ ಭಾಗಿಸಿದಾಗ ಬಂದ ಭಾಗಲಬ್ಧ 7313.

ಇಲ್ಲಿಂದ ಮುಂದೆ ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ವಿಧಾನವನ್ನು ಹಿಡಿದೆ. ಯಾವುದೇ ಬೆಸ ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿಯೂ ಬರೆಯಬಹುದು. 7313ನ್ನು ಮೀರುವ ಮೊದಲ ವರ್ಗ 86ರದು. ಆ 7396ರಲ್ಲಿ 7313ನ್ನು ಕಳೆದರೆ 83. ಯಾವ ವರ್ಗವೂ 3ರಲ್ಲಿ ಕೊನೆಗೊಳ್ಳುವುದಿಲ್ಲ. 87ರ ವರ್ಗ 7569ರಲ್ಲಿ ಕಳೆದರೆ 256, ಅಂದರೆ 16ರ ವರ್ಗ. ಹಾಗಾಗಿ 87ಕ್ಕೆ 16ನ್ನು ಕೂಡಿಸಿ 103, ಕಳೆದು 71. ಎರಡೂ ಅವಿಭಾಜ್ಯಗಳೇ.

ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದಾಗ ಮಾತ್ರ ಈ ವಿಧಾನ ಇಷ್ಟು ಬೇಗ ಫಲ ಕೊಡುತ್ತದೆ. ದೂರವಿದ್ದರೆ ಹಳೆಯ ಭಾಗಾಕಾರವೇ ಮೇಲು. ಇದರ ನಿಜವಾದ ಶಕ್ತಿಯನ್ನು ತೋರಿಸಲು, 1643ರ ಸುಮಾರಿಗೆ ಫರ್ಮಾ ತಾನೇ ಒಡೆದ 2,02,76,51,281 ಎಂಬ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. 45030ರ ವರ್ಗದಿಂದ ಆರಂಭಿಸಿದರೆ ಮೊದಲ ವ್ಯತ್ಯಾಸ 49619. ನಂತರ ಹೊಸದಾಗಿ ವರ್ಗ ಮಾಡಬೇಕಾಗಿಲ್ಲ. ಅಕ್ಕಪಕ್ಕದ ವರ್ಗಗಳ ನಡುವಿನ ಅಂತರಗಳನ್ನು 90061, 90063, 90065 ಎಂದು ಎರಡೆರಡು ಹೆಚ್ಚಿಸುತ್ತಾ ಕೂಡಿಸುತ್ತಾ ಹೋದರಾಯಿತು. ಮೊದಲ ಹನ್ನೊಂದು ವ್ಯತ್ಯಾಸಗಳಲ್ಲಿ ಹತ್ತನ್ನು ಕೊನೆಯ ಎರಡು ಅಂಕಿ ನೋಡಿಯೇ ತಳ್ಳಿಹಾಕಬಹುದು, ಏಕೆಂದರೆ ಯಾವ ವರ್ಗವೂ 3 ಅಥವಾ 8ರಲ್ಲಾಗಲಿ, 15, 19 ಅಥವಾ 75ರಲ್ಲಾಗಲಿ, ಒಂಟಿ ಸೊನ್ನೆಯಲ್ಲಾಗಲಿ ಮುಗಿಯುವುದಿಲ್ಲ. 499944 ಒಂದಕ್ಕೆ ಮಾತ್ರ ವರ್ಗಮೂಲ ತೆಗೆದು ನೋಡಬೇಕಾಯಿತು. ಹನ್ನೆರಡನೆಯದು 1040400, ಅದು 1020ರ ವರ್ಗ. ಅಪವರ್ತನಗಳು 44021 ಮತ್ತು 46061. ಇದೇ ಉತ್ತರಕ್ಕೆ ಸಾಲು ಭಾಗಾಕಾರದಿಂದ ತಲುಪಲು ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ದಾಟಬೇಕು.

ಪಿನ್‌ಕೋಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಗುಣ ಬೇರೆಯದೇ ಇದೆ. 563101ನ್ನು 4ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ 13ನ್ನು 4 ಮತ್ತು 9ರ ಮೊತ್ತವಾಗಿ ಬರೆದಂತೆ ಇದನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇನೋ ಅನ್ನಿಸುತ್ತದೆ. ಆದರೆ 7, 11, 71, 103 ಈ ನಾಲ್ಕೂ 4ರಿಂದ ಭಾಗಿಸಿದಾಗ ಶೇಷ 3 ಉಳಿಸುವ ಅವಿಭಾಜ್ಯಗಳು, ಮತ್ತು ಪ್ರತಿಯೊಂದೂ ಒಂದೇ ಸಲ ಬಂದಿದೆ. ಅಂಥ ಅವಿಭಾಜ್ಯ ಒಂದೇ ಒಂದು ಬೆಸ ಘಾತದಲ್ಲಿ ಬಂದರೂ ಎರಡು ವರ್ಗಗಳ ಮೊತ್ತ ಅಸಾಧ್ಯ. 21ರಲ್ಲಿ 3 ಮತ್ತು 7 ಸೇರಿ ಮಾಡಿರುವುದೂ ಇದನ್ನೇ. ಇದನ್ನು ಅಪವರ್ತನ ತಿಳಿಯದೆ ಪರೀಕ್ಷಿಸಬೇಕಾಗಿದ್ದರೆ ನೂರಾರು ವರ್ಗಗಳನ್ನು ಒಂದೊಂದಾಗಿ ಕಳೆದು ನೋಡಬೇಕಾಗುತ್ತಿತ್ತು.