ಎಳೆ ಹಲಸಿನಕಾಯಿ ಸಾರಿಗೆ ಬಾಡೂಟದ ರುಚಿ ಬರಬೇಕೆ? ಮಸಾಲೆ ಹುರಿಯಿರಿ

ಮುದ್ದೆ ಜೊತೆ ಮಟನ್ ಸಾರು ಉಂಡು ಬೆಳೆದವರು ಮಾಂಸ ಬಿಟ್ಟರೂ ಆ ಸಾರಿನ ಆಸೆ ಬಿಡುವುದಿಲ್ಲ. ಹಳೆ ಮೈಸೂರು ಕಡೆ ಅದಕ್ಕೆ ಎಳೆ ಹಲಸಿನಕಾಯಿ ಇದ್ದೇ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಕಾಯಿ ಬೇಯಿಸಿ, ಹಸಿ ಮಸಾಲೆ ರುಬ್ಬಿ ಸುರಿದು, ಎರಡು ಕುದಿ ಬರುತ್ತಲೇ ಇಳಿಸಿಬಿಡುತ್ತಾರೆ. ಆಮೇಲೆ 'ಏನೇ ಆದ್ರೂ ಆ ರುಚಿ ಬರಲ್ಲ ಬಿಡಿ' ಅನ್ನುತ್ತಾರೆ. ಖಂಡಿತ ಬರುತ್ತದೆ. ಮಾಂಸ ಬೇಯುವಾಗ ಅದರ ಕೊಬ್ಬು ತಾನಾಗೇ ಸಾರಿಗೆ ಇಳಿಯುತ್ತದೆ. ಹಲಸಿನಕಾಯಿಯಲ್ಲಿ ಜಿಡ್ಡಿನ ಅಂಶ ಇಲ್ಲವೆಂದರೂ ಸರಿ. ಅದನ್ನು ಎಣ್ಣೆ, ಕೊಬ್ಬರಿ, ಗಸಗಸೆಯಿಂದ ನಾವೇ ಕೊಡಬೇಕು.

ಬೇಸಿಗೆ ಶುರುವಾಗುವ ಹೊತ್ತಿಗೆ ಮಾರುಕಟ್ಟೆಗೆ ಎಳೆಕಾಯಿ ಬರುತ್ತದೆ. 1 ಕೆ.ಜಿ. ಆಸುಪಾಸಿನದು ತನ್ನಿ. ಸಿಪ್ಪೆ, ದಿಂಡು ಹೋಗಿ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, 4 ಜನಕ್ಕೆ ಸಾಕು. ಒಳಗೆ ಬೀಜ ಬಲಿತಿದ್ದರೆ ಈ ಸಾರಿಗೆ ಬೇಡ, ಪಲ್ಯಕ್ಕೆ ಇಟ್ಟುಕೊಳ್ಳಿ.

ಹೆಚ್ಚುವ ಮುಂಚೆ ಕೈಗೆ, ಚಾಕುವಿಗೆ, ಮಣೆಗೆ ಎಣ್ಣೆ ಸವರಿ. ಮೇಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಎರಡು ಬೆರಳು ದಪ್ಪದ ಹೋಳು ಮಾಡಿ, ಕಪ್ಪಾಗದಂತೆ ಅರಿಸಿನ ಹಾಕಿದ ಮಜ್ಜಿಗೆ ನೀರಿಗೆ ಬಿಡುತ್ತಾ ಹೋಗಿ. ವಿದೇಶದಲ್ಲಿರುವವರಿಗೆ ಡಬ್ಬಿಯ ಕಾಯಿಯೇ ಗತಿ. ಉಪ್ಪುನೀರಿನಲ್ಲಿ ಇಟ್ಟ ಎಳೆಕಾಯಿಯನ್ನೇ ಕೊಳ್ಳಿ. ಸಕ್ಕರೆ ಪಾಕದ್ದು ಹಣ್ಣು, ಅದನ್ನು ಸಾರಿಗೆ ಹಾಕಿದರೆ ಸಾರೇ ಹಾಳು. ಡಬ್ಬಿಯದನ್ನು ಎರಡು ಸಲ ತೊಳೆದು ಹಿಂಡಿ. ಆಗಲೇ ಬೆಂದಿರುವುದರಿಂದ ಕುಕ್ಕರ್ ಬೇಡ.

ತಾಜಾ ಕಾಯಿಗೆ ಉಪ್ಪು ಹಾಕಿ ಒಂದೇ ಒಂದು ವಿಷಲ್ ಕೂಗಿಸಿ. ಮಟನ್‌ಗೆ ಕೂಗಿಸಿದ ಹಾಗೆ ನಾಲ್ಕೈದು ಕೂಗಿಸಿದರೆ ಹೋಳು ನಾರುನಾರಾಗಿ ಕರಗಿಹೋಗುತ್ತದೆ. ನೀರು ಬಸಿದು, ಆ ನೀರನ್ನು ಎತ್ತಿಡಿ.

ಈಗ ಮಸಾಲೆ. ಇಲ್ಲಿ ಅವಸರ ಮಾಡಲೇಬೇಡಿ. ಮೊದಲು 1 ಚಮಚ ಗಸಗಸೆಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಇಲ್ಲದಿದ್ದರೆ ನುಣ್ಣಗಾಗುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ 2 ಚಮಚ ಎಣ್ಣೆಗೆ ಚಕ್ಕೆಯ ಎರಡು ಚೂರು, 4 ಲವಂಗ, 2 ಹೆಚ್ಚಿದ ಈರುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಈರುಳ್ಳಿ ಮೊದಲು ಬೆವರುತ್ತದೆ, ಆಮೇಲೆ ಮೆತ್ತಗಾಗುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನೀವು ನಿಲ್ಲಿಸಬೇಡಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಸಿಹಿ ವಾಸನೆ ಬರಬೇಕು. ಆಗ 10 ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ ಹಾಕಿ ಹಸಿ ವಾಸನೆ ಹೋಗುವ ತನಕ ಬಾಡಿಸಿ. ಪ್ಯಾಕೆಟ್ ಪೇಸ್ಟ್ ಮಾತ್ರ ಬೇಡ, ಅದರ ಹುಳಿ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಒಲೆ ಆರಿಸಿದ ಮೇಲೆ ಅರ್ಧ ಬಟ್ಟಲು ತುರಿದ ಒಣಕೊಬ್ಬರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಸ್ವಲ್ಪ ಪುದೀನ ಹಾಕಿ ಬಾಣಲೆಯ ಬಿಸಿಯಲ್ಲೇ ಕೈಯಾಡಿಸಿ. ಉರಿ ಮೇಲೆ ಹಾಕಿದರೆ ಕೊಬ್ಬರಿ ಸೀದು ಇಡೀ ಸಾರು ಕಹಿಯಾಗುತ್ತದೆ. ಆರಿದ ಮೇಲೆ ಗಸಗಸೆ, 1 ಚಮಚ ಹುರಿಗಡಲೆ, 2 ಚಮಚ ಧನಿಯಾ ಪುಡಿ, 2 ಚಮಚ ಖಾರದ ಪುಡಿ ಸೇರಿಸಿ, ನೀರು ಕಡಿಮೆ ಹಾಕಿ ಬೆಣ್ಣೆಯಂತೆ ರುಬ್ಬಿ. ಅಂಗಡಿಯ 'ಮೀಟ್ ಮಸಾಲ' ಹಾಕಿದರೆ ಯಾರ ಮನೆ ಸಾರಾದರೂ ಒಂದೇ ರುಚಿ. ಮನೆಯ ಪುಡಿಯನ್ನೇ ಹಾಕಿ.

ಇನ್ನು ಹೋಳು ಹುರಿಯುವುದು. ಇದನ್ನು ಬಿಟ್ಟರೆ ಇಷ್ಟು ಹೊತ್ತು ಪಟ್ಟ ಕಷ್ಟ ದಂಡ. ಪಾತ್ರೆಯಲ್ಲಿ 4 ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಬಸಿದ ಹೋಳುಗಳನ್ನು ಹರಡಿ. ಸುಮ್ನೆ ತಿರುವುತ್ತಿರಬೇಡಿ, ಒಂದು ಮಗ್ಗುಲು ಕೆಂಪಗಾಗುವ ತನಕ ಬಿಡಿ. ಆಮೇಲೆ ಒಂದು ಈರುಳ್ಳಿ, ಒಂದು ಟೊಮೆಟೊ, ಚಿಟಿಕೆ ಅರಿಸಿನ. ಟೊಮೆಟೊ ಕರಗಿದಾಗ ರುಬ್ಬಿದ್ದನ್ನು ಹಾಕಿ ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಮಸಾಲೆ ಗಟ್ಟಿಯಾಗಿ, ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಮಾತ್ರ ನೀರು.

ಎತ್ತಿಟ್ಟ ಬಸಿ ನೀರನ್ನು ಬಿಸಿ ಮಾಡಿ ಹಾಕಿ, ಉಪ್ಪು ನೋಡಿ. ಸಣ್ಣ ಉರಿಯಲ್ಲಿ 20 ನಿಮಿಷ ಕುದಿಯಲಿ.

ಒಂದು ವಿಷಯ ಗೊತ್ತಿರಲಿ. ಹಲಸಿನಕಾಯಿಯಲ್ಲಿ ಪ್ರೋಟೀನ್ ತುಂಬಾ ಕಡಿಮೆ. ಮಾಂಸದ ರುಚಿ ತಂದೀತೇ ಹೊರತು ಅದರ ಕಸುವು ಬರುವುದಿಲ್ಲ. ಹಾಗಾಗಿ ನೆನೆಸಿ ಬೇಯಿಸಿದ ಕಡಲೆಕಾಳು ಒಂದು ಬಟ್ಟಲು ಸೇರಿಸಲೇಬೇಕು ಅನ್ನುತ್ತೇನೆ. ಸೋಯಾ ಚಂಕ್ಸ್ ಹಾಕುವುದಾದರೆ ಬಿಸಿನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಎರಡು ಸಲ ಗಟ್ಟಿಯಾಗಿ ಹಿಂಡಿ, ಹೋಳಿನ ಜೊತೆಯಲ್ಲೇ ಹುರಿಯಿರಿ. ಚಳಿಗಾಲದಲ್ಲಿ ಎಳೆಕಾಯಿ ಸಿಗದಿದ್ದರೆ ಬೇಸರ ಬೇಡ. ಆಗ ಸೊಗಡವರೆ ಇರುತ್ತದೆ, ಹಿತಕಿದ ಬೇಳೆಗೆ ಇದೇ ಮಸಾಲೆ ಚೆನ್ನಾಗಿ ಒಗ್ಗುತ್ತದೆ.

ಇಳಿಸಿದ ಮೇಲೆ ಅರ್ಧ ಗಂಟೆ ಮುಚ್ಚಿಡಿ, ಅಷ್ಟರಲ್ಲಿ ಮುದ್ದೆ ತೊಳಸಿಕೊಳ್ಳಬಹುದು. ಮಾರನೇ ದಿನಕ್ಕೆ ಸಾರು ಇನ್ನೂ ಗಟ್ಟಿಯಾಗುತ್ತದೆ. ಬಿಸಿ ಮಾಡುವಾಗ ತಣ್ಣೀರು ಸುರಿಯಬೇಡಿ, ಕುದಿಯುವ ನೀರು ಸ್ವಲ್ಪ ಸೇರಿಸಿ, ಉಪ್ಪು ಮತ್ತೊಮ್ಮೆ ನೋಡಿ.